ಎಣಿಕೆಯ ಪಟ್ಟಿಯಲ್ಲಿ ಐವತ್ತೆರಡು ಮಕ್ಕಳು

ಶಾಲೆಯಲ್ಲಿ ಸಂಖ್ಯಾಶಾಸ್ತ್ರದ ಪಾಠ ಕೇಳಿದವರಿಗೆ ಗೀಟುಗಳ ನೆನಪು ಇದ್ದೇ ಇರುತ್ತದೆ. ತರಗತಿಯ ಐವತ್ತು ಮಕ್ಕಳ ಅಂಕಗಳನ್ನು ಮೇಷ್ಟರು ಒಂದೊಂದಾಗಿ ಓದುತ್ತಾರೆ. ಆಯಾ ಅಂಕದ ಎದುರು ನಾವು ಒಂದೊಂದು ಗೀಟು ಹಾಕಬೇಕು. ನಾಲ್ಕು ಗೀಟಾದ ಮೇಲೆ ಐದನೆಯದನ್ನು ಅಡ್ಡಲಾಗಿ ಎಳೆದು ಕಟ್ಟು ಕಟ್ಟಬೇಕು. ಕೊನೆಗೆ ಕಟ್ಟುಗಳನ್ನು ಎಣಿಸಿ ಬರೆದರೆ ಅದೇ 'ಆವೃತ್ತಿ ವಿತರಣಾ ಪಟ್ಟಿ'. ಹೆಸರು ಭಾರಿ, ಕೆಲಸ ಸರಳ. ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸುವುದು, ಅಷ್ಟೇ.

ಈ ಗೀಟೆಳೆಯುವ ಕೆಲಸವನ್ನು ಇಂದು ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಅದಕ್ಕೆಂದು ಜಗತ್ತಿನಾದ್ಯಂತ ಸಂಖ್ಯಾಶಾಸ್ತ್ರಜ್ಞರು ಬಳಸುವ ಭಾಷೆಗಳಲ್ಲಿ 'ಆರ್' ಪ್ರಮುಖವಾದದ್ದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಆರ್! ಜತೆಗೆ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ 'ಎಸ್' ಎಂಬ ಭಾಷೆ ಇದಕ್ಕೆ ಮಾದರಿಯಾಗಿತ್ತು. 1995ರಿಂದ ಇದು ಉಚಿತ. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು, ತಿದ್ದಬಹುದು, ಹಂಚಬಹುದು.

ಆರ್ ಭಾಷೆಯಲ್ಲಿ 'ಟೇಬಲ್' ಎಂಬ ಪುಟ್ಟ ಆಜ್ಞೆಯಿದೆ. ಲಕ್ಷ ಸಾಲುಗಳ ದತ್ತಾಂಶ ಕೊಟ್ಟರೂ ಅದು ಎಣಿಸಿ ಪಟ್ಟಿ ಮುಂದಿಡುತ್ತದೆ. ಹಾಗಾದರೆ ಮನುಷ್ಯನಿಗೆ ಉಳಿದ ಕೆಲಸವೇನು? ಯಾವುದನ್ನು ಯಾವುದರ ಪಕ್ಕ ಇಟ್ಟು ಎಣಿಸಬೇಕು ಎಂದು ನಿರ್ಧರಿಸುವುದು. ಅದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಒಂದು ಹಡಗಿನ ಕಥೆ ನೋಡೋಣ.

ಮುಳುಗಿದ ಹಡಗಿನ ಲೆಕ್ಕ

ಆರ್ ಭಾಷೆಯನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಅಭ್ಯಾಸಕ್ಕೆಂದು ಹಲವು ದತ್ತಾಂಶಗಳೂ ಜತೆಗೇ ಬರುತ್ತವೆ. ಅವುಗಳಲ್ಲಿ ಒಂದು 'ಟೈಟಾನಿಕ್'. 1912ರ ಏಪ್ರಿಲ್ 14ರ ರಾತ್ರಿ ಮಂಜುಗಡ್ಡೆಯ ಬೆಟ್ಟಕ್ಕೆ ಬಡಿದು, ಮರುದಿನ ನಸುಕಿಗೆ ಮುನ್ನವೇ ಅಟ್ಲಾಂಟಿಕ್ ಸಾಗರದ ತಳ ಸೇರಿದ ಅದೇ ಹಡಗು. ಅದರಲ್ಲಿದ್ದವರ ಲೆಕ್ಕ ಬ್ರಿಟನ್ನಿನ ವಿಚಾರಣೆಯಿಂದ ಬಂದದ್ದು. ದರ್ಜೆ, ಲಿಂಗ, ವಯಸ್ಕರೋ ಮಕ್ಕಳೋ, ಉಳಿದರೋ ಇಲ್ಲವೋ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. 'ಮಾರ್ಜಿನ್ ಟೇಬಲ್' ಎಂಬ ಆಜ್ಞೆ ಕೊಟ್ಟು ಬೇಕಾದ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಕೂಡಿಸಿಬಿಡಬಹುದು.

ಮೊದಲು ಒಂದೇ ಪ್ರಶ್ನೆ ಕೇಳೋಣ: ಉಳಿದವರು ಎಷ್ಟು? ಹಡಗಿನಲ್ಲಿದ್ದ 2,201 ಮಂದಿಯಲ್ಲಿ ಉಳಿದವರು 711, ಸತ್ತವರು 1,490. ಇಷ್ಟೇ ನೋಡಿದವರು 'ವಿಧಿ' ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸಬಹುದು. ಹಡಗಿನಲ್ಲಿ ಜೀವರಕ್ಷಕ ದೋಣಿಗಳು ಇದ್ದದ್ದೇ 20, ಅವುಗಳಲ್ಲಿ ಹಿಡಿಸುತ್ತಿದ್ದವರು 1,178 ಮಂದಿ. ಎಲ್ಲರೂ ಉಳಿಯುವಂತೆಯೇ ಇರಲಿಲ್ಲ.

ಪಕ್ಕದಲ್ಲಿ ಲಿಂಗದ ಪ್ರಶ್ನೆಯನ್ನು ಇಡೋಣ. 470 ಹೆಂಗಸರಲ್ಲಿ 344 ಮಂದಿ ಉಳಿದರು, ಶೇಕಡಾ 73. 1,731 ಗಂಡಸರಲ್ಲಿ ಉಳಿದವರು 367, ಶೇಕಡಾ 21. 'ಹೆಂಗಸರು, ಮಕ್ಕಳು ಮೊದಲು' ಎಂಬ ಮಾತು ನಡೆದಿದೆ ಎಂದು ಸಮಾಧಾನವಾಗುತ್ತದೆ.

ಈಗ ದರ್ಜೆ. ಮೊದಲ ದರ್ಜೆಯ 325ರಲ್ಲಿ 203, ಎರಡನೆಯ ದರ್ಜೆಯ 285ರಲ್ಲಿ 118, ಮೂರನೆಯ ದರ್ಜೆಯ 706ರಲ್ಲಿ 178, ಸಿಬ್ಬಂದಿಯ 885ರಲ್ಲಿ 212 ಮಂದಿ ಉಳಿದರು. ಟಿಕೆಟಿನ ಬೆಲೆ ಇಳಿದಂತೆ ಬದುಕುವ ಅವಕಾಶವೂ ಇಳಿಯಿತು!

ಅಡ್ಡ ಓದು, ಉದ್ದ ಓದು

ಇಲ್ಲಿ ಒಂದು ಎಚ್ಚರಿಕೆ. 'ಪ್ರಾಪ್ ಟೇಬಲ್' ಎಂಬ ಇನ್ನೊಂದು ಆಜ್ಞೆ ಎಣಿಕೆಯನ್ನು ಪಾಲುಗಳಾಗಿ ಬದಲಿಸುತ್ತದೆ. ಆದರೆ ಯಾವುದರ ಪಾಲು ಎಂದು ನಾವೇ ಹೇಳಬೇಕು. ಉಳಿದ 711 ಮಂದಿಯಲ್ಲಿ ಯಾರ ಪಾಲು ಎಷ್ಟು ಎಂದು ಕೇಳಿದರೆ ಸಿಬ್ಬಂದಿಯದೇ ಎಲ್ಲಕ್ಕಿಂತ ದೊಡ್ಡದು, ಸುಮಾರು ಶೇಕಡಾ 30. 'ನೋಡಿ, ತಾವು ಮೊದಲು ದೋಣಿ ಹತ್ತಿದರು' ಎಂದು ದೂರುವವರಿಗೆ ಇದೇ ಸಾಕು. ಸಿಬ್ಬಂದಿಯಲ್ಲಿ ಉಳಿದವರ ಪಾಲು ಎಷ್ಟು ಎಂದು ಕೇಳಿದರೆ ಬರುವ ಉತ್ತರ ಶೇಕಡಾ 24. ನಾಲ್ಕು ಗುಂಪುಗಳಲ್ಲಿ ಅದೇ ಅತಿ ಕಡಿಮೆ! ಅಂಕಿಗಳು ಅವೇ. ಓದುವ ದಿಕ್ಕು ಬದಲಾದರೆ ಆರೋಪಿ ಸಂತ್ರಸ್ತನಾಗುತ್ತಾನೆ. ಪತ್ರಿಕೆಗಳಲ್ಲಿ ಬರುವ ಶೇಕಡಾವಾರು ಲೆಕ್ಕಗಳನ್ನು ಓದುವಾಗಲೂ 'ಯಾರಲ್ಲಿ ಶೇಕಡಾ?' ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಮಕ್ಕಳ ಸಾಲು

ಇನ್ನು ಮಕ್ಕಳು. ಒಟ್ಟು 109 ಮಕ್ಕಳಲ್ಲಿ ಉಳಿದವರು 57, ಸತ್ತವರು 52. ವಯಸ್ಕರಲ್ಲಿ ಉಳಿದದ್ದು ಶೇಕಡಾ 31, ಮಕ್ಕಳಲ್ಲಿ ಶೇಕಡಾ 52. ಮಕ್ಕಳಿಗೆ ಆದ್ಯತೆ ಸಿಕ್ಕಿತೆನ್ನಬಹುದು. ಆದರೆ ಇದೇ ಎಣಿಕೆಯನ್ನು ದರ್ಜೆಯ ಪ್ರಕಾರ ಒಡೆದರೆ ಎದೆ ಝಲ್ಲೆನ್ನುತ್ತದೆ. ಮೊದಲ ದರ್ಜೆಯ 6 ಮಕ್ಕಳಲ್ಲಿ 6 ಉಳಿದವು. ಎರಡನೆಯ ದರ್ಜೆಯ 24ರಲ್ಲಿ 24 ಉಳಿದವು. ಮೂರನೆಯ ದರ್ಜೆಯ 79ರಲ್ಲಿ ಉಳಿದವು 27. ಸತ್ತ 52 ಮಕ್ಕಳೂ ಮೂರನೆಯ ದರ್ಜೆಯವೇ!

ಮೂರನೆಯ ದರ್ಜೆಯ ಮಗು ಉಳಿಯುವ ಅವಕಾಶ ಶೇಕಡಾ 34 ಇತ್ತು. ಮೊದಲ ದರ್ಜೆಯ ವಯಸ್ಕ ಗಂಡಸಿಗೆ ಶೇಕಡಾ 33. ಅಂದರೆ ಹೆಚ್ಚುಕಡಿಮೆ ಒಂದೇ. 'ಮಕ್ಕಳು ಮೊದಲು' ಎಂಬ ನಿಯಮ ಕೆಳಗಿನ ಅಂತಸ್ತುಗಳನ್ನು ತಲುಪುವ ಹೊತ್ತಿಗೆ ಸವೆದುಹೋಗಿತ್ತು. ಇದು ಬರೀ ಹಣದ ಕಥೆಯೂ ಅಲ್ಲ. ಎರಡನೆಯ ದರ್ಜೆಯ 168 ವಯಸ್ಕ ಗಂಡಸರಲ್ಲಿ ಉಳಿದವರು 14 ಮಾತ್ರ. ಈ ಪ್ರಮಾಣ ಮೂರನೆಯ ದರ್ಜೆಯ ಗಂಡಸರಿಗಿಂತಲೂ ಕಡಿಮೆ.

ಹೀಗೇಕಾಯಿತು? ಪಟ್ಟಿ ಅದನ್ನು ಹೇಳುವುದಿಲ್ಲ. ಲಾರ್ಡ್ ಮರ್ಸಿ ನೇತೃತ್ವದ 1912ರ ವಿಚಾರಣೆ ಮೂರನೆಯ ದರ್ಜೆಯವರಿಗೆ ಅನ್ಯಾಯ ಮಾಡಲಾಯಿತೆಂಬ ಮಾತನ್ನು ಒಪ್ಪಲಿಲ್ಲ. ಸಾಮಾನು ಸರಂಜಾಮು ಬಿಟ್ಟುಬರಲು ಅವರಿಗೆ ಮನಸ್ಸಿರಲಿಲ್ಲ, ಅವರ ಕೋಣೆಗಳಿಂದ ದೋಣಿಗಳ ಬಳಿಗೆ ಬರುವುದು ಕಷ್ಟವಾಗಿತ್ತು ಎಂಬಂಥ ಕಾರಣ ಕೊಟ್ಟಿತು. ಈ ಸಮಜಾಯಿಷಿಯನ್ನು ನೀವು ಒಪ್ಪಬಹುದು, ಬಿಡಬಹುದು. ಆದರೆ ಪಟ್ಟಿಯನ್ನು ದರ್ಜೆಯ ಪ್ರಕಾರ ಒಡೆಯದಿದ್ದರೆ ಸಮಜಾಯಿಷಿ ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ.

ಸದ್ದಿಲ್ಲದೆ ಬಿಟ್ಟುಹೋಗುವವರು

ಟೇಬಲ್ ಆಜ್ಞೆಗೆ ಒಂದು ಕೆಟ್ಟ ಅಭ್ಯಾಸವಿದೆ. ನೂರು ಜನರ ದತ್ತಾಂಶದಲ್ಲಿ ಹನ್ನೆರಡು ಜನರ ವಯಸ್ಸು ಬರೆದಿಲ್ಲ ಎನ್ನೋಣ. ಅಂಥ ಖಾಲಿ ಜಾಗವನ್ನು ಆರ್ 'ಎನ್ಎ' ಎಂದು ಗುರುತಿಸುತ್ತದೆ. ಆದರೆ ವಯಸ್ಸಿನ ಪಟ್ಟಿ ಮಾಡೆಂದರೆ ಆ ಹನ್ನೆರಡು ಮಂದಿಯನ್ನು ಸದ್ದಿಲ್ಲದೆ ಬಿಟ್ಟು 88 ಜನರ ಪಟ್ಟಿ ಕೊಡುತ್ತದೆ. ಎಚ್ಚರಿಕೆಯ ಒಂದು ಮಾತೂ ಇರುವುದಿಲ್ಲ. 'ಯೂಸ್ ಎನ್ಎ' ಎಂಬ ಸೂಚನೆ ಸೇರಿಸಿ ಕೇಳಿದರೆ ಮಾತ್ರ ಅವರಿಗೂ ಒಂದು ಮನೆ ಸಿಗುತ್ತದೆ. ವಯಸ್ಸು ಬರೆಸದವರು ಯಾರು? ಜನನ ದಾಖಲೆ ಇಲ್ಲದವರು, ಅಕ್ಷರ ಬಾರದವರು, ಗಣತಿದಾರ ಬಂದಾಗ ಕೂಲಿಗೆ ಹೋಗಿದ್ದವರು ಇರಬಹುದು. ಮೊದಲೇ ಬಿಟ್ಟುಹೋದವರನ್ನು ಪಟ್ಟಿ ಇನ್ನೊಮ್ಮೆ ಬಿಟ್ಟುಬಿಡುತ್ತದೆ. ಪಟ್ಟಿಯ ಒಟ್ಟು ಮೊತ್ತವನ್ನು ಮೂಲ ಸಂಖ್ಯೆಯ ಜತೆ ತಾಳೆ ನೋಡುವುದು ಆದ್ದರಿಂದಲೇ ಮೊದಲ ಕೆಲಸವಾಗಬೇಕು.

ಮೊತ್ತ ತಾಳೆಯಾದರೂ ಒಮ್ಮೊಮ್ಮೆ ಸಾಲದು. ಟೈಟಾನಿಕ್ ಪಟ್ಟಿಯಲ್ಲಿ ಮೊತ್ತಗಳೆಲ್ಲ ಸರಿಯಾಗಿಯೇ ಕೂಡುತ್ತವೆ. ಮೊದಲ ದರ್ಜೆಯ ಆರೂ ಮಕ್ಕಳು ಉಳಿದರೆಂದು ಅದು ಹೇಳುತ್ತದೆ. ಆದರೆ ಕೆನಡಾದ ಮಾಂಟ್ರಿಯಲ್ ನಗರದ ಕುಟುಂಬವೊಂದರ ಎರಡು ವರ್ಷದ ಹೆಣ್ಣುಮಗು ಲೊರೇನ್ ಆಲಿಸನ್ ಮೊದಲ ದರ್ಜೆಯಲ್ಲೇ ಪ್ರಯಾಣಿಸುತ್ತಿದ್ದಳು. ಆ ರಾತ್ರಿ ತಂದೆ ತಾಯಿಯ ಜತೆ ಅವಳೂ ತೀರಿಕೊಂಡಳು. ಹಸುಗೂಸಾಗಿದ್ದ ಅವಳ ತಮ್ಮ ಮಾತ್ರ ದಾದಿಯ ಜತೆ ದೋಣಿ ಸೇರಿ ಬದುಕಿದ.

ವಿಚಾರಣೆಯ ಲೆಕ್ಕದಲ್ಲಿ ಲೊರೇನಳ ಸಾವಿಗೆ ಮನೆ ಸಿಗಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಮನೆಯಲ್ಲಿ ಸೊನ್ನೆ ಹಾಗೆಯೇ ಕೂತಿದೆ. ಈಗಲೂ ಯಾವುದೋ ಊರಿನ ವಿದ್ಯಾರ್ಥಿ ಆರ್ ಭಾಷೆ ಕಲಿಯುತ್ತ ಆಜ್ಞೆ ಒತ್ತಿದಾಗಲೆಲ್ಲ ಅದೇ ಸೊನ್ನೆ ತೆರೆಯ ಮೇಲೆ ಮೂಡುತ್ತದೆ. ಕಂಪ್ಯೂಟರು ತಪ್ಪಿಲ್ಲದೆ ಎಣಿಸುತ್ತದೆ, ನಿಜ. ಅದರ ಮುಂದೆ ಇಟ್ಟದ್ದನ್ನು ಮಾತ್ರ.