ಸೊನ್ನೆ ಬೈಟ್ ಎಂದು ಸುಳ್ಳು ಹೇಳುವ ಫೈಲುಗಳು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡೂವರೆಗೆ ಫೋನ್ ಬಂತು. ನಮ್ಮ ಗ್ರಾಹಕರೊಬ್ಬರ ಬಿಲ್ಲಿಂಗ್ ಸರ್ವರ್ ಆಮೆಯಂತಾಗಿತ್ತು. ಇಂಥ ಹೊತ್ತಿಗೆಂದೇ ನಮ್ಮ ತಂಡ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿತ್ತು. ಮೆಮೊರಿ ಎಷ್ಟು ಉಳಿದಿದೆ, ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ, ನೆಟ್‌ವರ್ಕ್ ಹೇಗಿದೆ ಎಂದು ತಿಳಿಸುವ ಸಿಸ್ಟಮ್ ಫೈಲುಗಳನ್ನೆಲ್ಲ ಅದು ಕಾಪಿ ಮಾಡಿ ಒಂದು ಕಟ್ಟು ಮಾಡಿ ಕೊಡುತ್ತದೆ. ಅದನ್ನು ಓಡಿಸಿದೆ. ಮುಖ್ಯ ಫೈಲುಗಳ ಮುಂದೆಲ್ಲ ಹಸಿರು ಬಣ್ಣದಲ್ಲಿ 'ಸರಿ' ಎಂದು ಬಂತು. ನೆಮ್ಮದಿಯಿಂದ ಸರ್ವರ್ ರೀಸ್ಟಾರ್ಟ್ ಮಾಡಿ ಮಲಗಿದೆ.

ಬೆಳಿಗ್ಗೆ ಕಟ್ಟು ಬಿಚ್ಚಿದರೆ ಎದೆ ಧಸಕ್ಕೆಂದಿತು. ಮೆಮೊರಿಯ ಲೆಕ್ಕವಿರಬೇಕಾದ ಫೈಲ್ ಇದೆ, ಹೆಸರೂ ಸರಿಯಿದೆ, ಒಳಗೆ ಮಾತ್ರ ಒಂದಕ್ಷರವೂ ಇಲ್ಲ. ಅದರ ಪಕ್ಕದ ಫೈಲುಗಳೂ ಹಾಗೆಯೇ. ಸರ್ವರ್ ರೀಸ್ಟಾರ್ಟ್ ಆದ ಮೇಲೆ ಆ ರಾತ್ರಿಯ ಸ್ಥಿತಿ ಮತ್ತೆಲ್ಲೂ ಸಿಗುವುದಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ನಮ್ಮ ಕೈಯಾರೆ ಅಳಿಸಿಬಿಟ್ಟಿದ್ದೆವು.

ಪ್ರೋಗ್ರಾಂ ಬರೆದಿದ್ದವಳು ತಂಡಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. 'ಒಂದು ಫೈಲ್ ಕಾಪಿ ಮಾಡುವುದಕ್ಕೂ ಬರುವುದಿಲ್ಲವೇ' ಎಂಬ ಮಾತು ಹತ್ತು ಗಂಟೆಯ ಮೀಟಿಂಗ್‌ಗೆ ಮೊದಲೇ ಹರಿದಾಡಿತು. ಅವಳು ಏನೂ ಹೇಳದೆ ಹಳೆಯ ಕೋಡ್ ತೆಗೆದು ನನಗೆ ತೋರಿಸಿದಳು. ಅದರಲ್ಲಿ ತಪ್ಪಿರಲಿಲ್ಲ. ತಪ್ಪು ಸೇರಿಸಿದವನು ನಾನು.

ಅದು ಹೇಗೆಂದು ತಿಳಿಯಲು ಈ ಫೈಲುಗಳ ಸ್ವಭಾವ ತಿಳಿಯಬೇಕು. ಲಿನಕ್ಸ್‌ನಲ್ಲಿ 'ಪ್ರಾಕ್' ಮತ್ತು 'ಸಿಸ್' ಎಂಬ ಎರಡು ಫೋಲ್ಡರುಗಳಿವೆ. ಅವುಗಳೊಳಗಿನ ಫೈಲುಗಳು ಡಿಸ್ಕ್ ಮೇಲೆ ಎಲ್ಲೂ ಇಲ್ಲ. ನೀವು ತೆರೆದು ಓದಿದ ಗಳಿಗೆಯಲ್ಲಿ ಕರ್ನಲ್ ಆಗಿನ ಸ್ಥಿತಿ ನೋಡಿ ಅಕ್ಷರಗಳನ್ನು ಬರೆದುಕೊಡುತ್ತದೆ. ಇದು ಹಳೆಯ ಉಪಾಯ. ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲೇ, ಓಡುತ್ತಿರುವ ಪ್ರೋಗ್ರಾಂಗಳನ್ನು ಫೈಲುಗಳಂತೆ ತೋರಿಸುವ ಬಗ್ಗೆ ಪ್ರಬಂಧ ಮಂಡಿಸಿದ್ದರು. ಯುನಿಕ್ಸ್‌ನಲ್ಲಿ ಹುಟ್ಟಿದ ಆ ಉಪಾಯವೇ ಮುಂದೆ ಲಿನಕ್ಸ್‌ಗೂ ಬಂತು.

ಓದುವ ಮೊದಲೇ ಇಂಥ ಫೈಲಿನ ಗಾತ್ರ ಕೇಳಿದರೆ ಕರ್ನಲ್ ಏನು ಹೇಳಬೇಕು? ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇನ್ನೂ ಹುಯ್ಯದ ದೋಸೆಯ ತೂಕ ಕೇಳಿದಂತಾಯಿತು. ಹಾಗಾಗಿ 'ಪ್ರಾಕ್'ನ ಹೆಚ್ಚಿನ ಫೈಲುಗಳು ತಮ್ಮ ಗಾತ್ರ ಸೊನ್ನೆ ಎನ್ನುತ್ತವೆ. ಓದಿ ನೋಡಿದರೆ ನೂರಾರು ಸಾಲು ಬರಬಹುದು. 'ಸಿಸ್'ನ ಫೈಲುಗಳದು ಇನ್ನೊಂದು ಬಗೆ. ನೆಟ್‌ವರ್ಕ್ ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಹೇಳುವ ಫೈಲನ್ನು ಕೇಳಿದರೆ ಸಾಮಾನ್ಯವಾಗಿ ತನ್ನ ಗಾತ್ರ 4096 ಬೈಟ್ ಎನ್ನುತ್ತದೆ. ಒಳಗಿರುವುದು 1500 ಎಂಬ ನಾಲ್ಕು ಅಂಕಿ ಮತ್ತು ಸಾಲು ಮುಗಿಯಿತೆನ್ನುವ ಒಂದು ಗುರುತು, ಒಟ್ಟು 5 ಬೈಟ್. 4096 ಎಂಬುದು ಮೆಮೊರಿಯ ಒಂದು ಪುಟದ ಅಳತೆಯೇ ಹೊರತು ಫೈಲಿನದಲ್ಲ. ಇನ್ನು 'ಪ್ರಾಕ್'ನಲ್ಲಿರುವ 'ಕೆಕೋರ್' ಎಂಬ ಫೈಲ್ ನನ್ನ 16 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲೇ ತನ್ನ ಗಾತ್ರ ಸುಮಾರು 128 ಟೆರಾಬೈಟ್ ಎನ್ನುತ್ತದೆ!

ಆ ಹುಡುಗಿ ಮೊದಲು ಬರೆದಿದ್ದ ಕೋಡ್ ಗಾತ್ರವನ್ನೇ ಕೇಳುತ್ತಿರಲಿಲ್ಲ. ಫೈಲ್ ತೆರೆದು, ತುಂಡು ತುಂಡಾಗಿ ಓದಿ ಬರೆದು, ಇನ್ನೇನೂ ಬರುವುದಿಲ್ಲ ಎಂದಾಗ ನಿಲ್ಲುತ್ತಿತ್ತು. ಪರಿಶೀಲನೆಗೆ ಕುಳಿತ ನಾನು ಹಿರಿಯನ ಗತ್ತಿನಲ್ಲಿ ಎರಡು ತಿದ್ದುಪಡಿ ಹೇಳಿದ್ದೆ. ಒಂದು, ಮೊದಲು ಗಾತ್ರ ತಿಳಿದುಕೊಂಡು ಅಷ್ಟೇ ಬೈಟ್ ಓದು. ಎರಡು, ಕೊನೆಯಲ್ಲಿ ಮೂಲದ ಗಾತ್ರ ಮತ್ತು ಕಾಪಿಯ ಗಾತ್ರ ತಾಳೆ ನೋಡು. ಮಾಮೂಲಿ ಫೈಲುಗಳಿಗೆ ಇವು ಒಳ್ಳೆಯ ಸಲಹೆಗಳೇ. ಆದರೆ ಆ ರಾತ್ರಿ ಮೂಲ ಸೊನ್ನೆ, ಕಾಪಿಯೂ ಸೊನ್ನೆ, ಆದ್ದರಿಂದ 'ಸರಿ'. ಇನ್ನೊಂದೆಡೆ 4096 ಇರಬೇಕಾದಲ್ಲಿ ಬರೀ 5 ಬೈಟ್ ಬಂತು ಎಂದು, ಸರಿಯಾಗಿ ಕಾಪಿಯಾದ ಫೈಲುಗಳ ಮುಂದೆ ಕೆಂಪು ಬಣ್ಣದಲ್ಲಿ 'ಅಪೂರ್ಣ'. ಖಾಲಿ ಬಂದದ್ದಕ್ಕೆ ಶಹಭಾಸ್, ಪೂರ್ತಿ ಬಂದದ್ದಕ್ಕೆ ಬೈಗುಳ. ಆ ಕೆಂಪು ಸಾಲುಗಳನ್ನು ಮುಖ್ಯವಲ್ಲವೆಂದು ನಿದ್ದೆಗಣ್ಣಿನಲ್ಲಿ ದಾಟಿಸಿಬಿಟ್ಟಿದ್ದೆ.

ಮೀಟಿಂಗ್‌ನಲ್ಲಿ ಇದನ್ನೇ ಹೇಳಿದೆ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿದ್ದು ನಿಜ. ಹದಿನಾಲ್ಕು ವರ್ಷದ ಅನುಭವ ಎಂದು ರೆಸ್ಯೂಮೆಯಲ್ಲಿ ಬರೆದುಕೊಳ್ಳುವವನು ನಾನು.

ಆಮೇಲೆ ಓದುತ್ತ ಹೋದಾಗ ಈ ಗುಂಡಿಗೆ ದೊಡ್ಡವರೂ ಬಿದ್ದಿದ್ದು ಗೊತ್ತಾಯಿತು. ಲಿನಕ್ಸ್‌ನಲ್ಲಿ ಕಾಪಿ ಕೆಲಸವನ್ನು ಕರ್ನಲ್‌ಗೇ ಒಪ್ಪಿಸುವ 'ಕಾಪಿ ಫೈಲ್ ರೇಂಜ್' ಎಂಬ ಸವಲತ್ತಿದೆ. 2019ರ 5.3 ಆವೃತ್ತಿಯಿಂದ ಅದು ಒಂದು ಫೈಲ್ ಸಿಸ್ಟಮ್‌ನಿಂದ ಇನ್ನೊಂದಕ್ಕೂ ಕಾಪಿ ಮಾಡತೊಡಗಿತು. 2020ರಲ್ಲಿ ಗೋ ಭಾಷೆಯ 1.15 ಆವೃತ್ತಿ ವೇಗಕ್ಕಾಗಿ ಇದನ್ನೇ ಬಳಸಿತು. ಆಗ 'ಪ್ರಾಕ್'ನಂಥ ಕಡೆಯಿಂದ ಕಾಪಿ ಮಾಡಿದವರಿಗೆ ಯಾವ ದೋಷದ ಸೂಚನೆಯೂ ಇಲ್ಲದೆ ಖಾಲಿ ಫೈಲ್ ಸಿಕ್ಕಿತು. ಗೋ ಬಳಗ ತನ್ನ ಕಡೆ ಸರಿಪಡಿಸಿಕೊಂಡಿತು. ಕರ್ನಲ್‌ನವರು 2022ರ 5.19 ಆವೃತ್ತಿಯಲ್ಲಿ ಈ ಸವಲತ್ತನ್ನು ಬಿಗಿಗೊಳಿಸಿದರು. ಮಾಮೂಲಿ 'ಸಿಪಿ' ಆಜ್ಞೆ ಮಾತ್ರ ಜಾಣ: ಮೂಲ ಖಾಲಿ ಎಂದು ಕಂಡರೆ ನಂಬದೆ ಒಮ್ಮೆ ಓದಿಯೇ ನೋಡುತ್ತದೆ. 'ಟಾರ್' ಹಾಗಲ್ಲ. ಕಟ್ಟಿಗೆ ಸೇರಿಸುವಾಗ ಗಾತ್ರವನ್ನು ಮೊದಲೇ ಬರೆದುಕೊಳ್ಳುವುದರಿಂದ ಸೊನ್ನೆ ಎಂದ ಫೈಲು ಖಾಲಿಯಾಗೇ ಹೋಗುತ್ತದೆ. 4096 ಎಂದದ್ದು ಕುಗ್ಗಿತು ಎಂದು ದೂರಿ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ.

ಈಗ ನಮ್ಮ ಪ್ರೋಗ್ರಾಂ ನಡೆಯುವ ದಾರಿ ಸರಳ. ಗಾತ್ರ ಕೇಳುವುದಿಲ್ಲ, ಕೊನೆ ಮುಟ್ಟುವವರೆಗೆ ಓದುತ್ತದೆ. ಮೊದಲು ಮಾಮೂಲಿ ಫೋಲ್ಡರಿಗೆ ಬರೆದುಕೊಂಡು ಆಮೇಲೆ ಕಟ್ಟು ಕಟ್ಟುತ್ತದೆ. ಓದಿದ್ದೆಷ್ಟು, ಬರೆದದ್ದೆಷ್ಟು ಎಂದು ತಾಳೆ ನೋಡುತ್ತದೆ. ಮೆಮೊರಿಯ ಲೆಕ್ಕದಂತಹ, ಖಾಲಿ ಇರಲು ಸಾಧ್ಯವೇ ಇಲ್ಲದ ಫೈಲು ಖಾಲಿ ಬಂದರೆ ಕೂಗಿ ಹೇಳುತ್ತದೆ. ಇಡೀ ಫೋಲ್ಡರ್ ಬಾಚಿಕೊಳ್ಳುವ ಬದಲು ಬೇಕಾದವುಗಳ ಪಟ್ಟಿ ಇಟ್ಟುಕೊಂಡಿದ್ದೇವೆ. ಕೆಕೋರ್‌ನಂಥವು ಡಿಸ್ಕ್ ತುಂಬಿಸಿಬಿಡಬಹುದು, ಇನ್ನು ಕೆಲವು ಎಂದೂ ಮುಗಿಯದೆ ಕಾಯಿಸುತ್ತಲೇ ಇರುತ್ತವೆ. ಅದಕ್ಕಾಗಿ ಪ್ರತಿ ಫೈಲಿಗೂ ಇಷ್ಟೇ ಬೈಟ್, ಇಷ್ಟೇ ಸೆಕೆಂಡ್ ಎಂಬ ಮಿತಿ ಇದೆ.

ಒಂಬತ್ತು ದಿನ ಬಿಟ್ಟು ಅದೇ ಸರ್ವರ್ ಮತ್ತೆ ಸುಸ್ತಾಯಿತು. ಈ ಬಾರಿ ಕಟ್ಟು ಬಿಚ್ಚಿದಾಗ ಮೆಮೊರಿ ಫೈಲಿನ ಒಂದು ಸಾಲಿನಲ್ಲಿ ಉತ್ತರ ಸಿಕ್ಕಿತು. ಜಾಗ ತಿಂದಿದ್ದು ಯಾವ ಪ್ರೋಗ್ರಾಮೂ ಅಲ್ಲ, ಒಂದು ಡ್ರೈವರ್‌ನ ದೆಸೆಯಿಂದ ಕರ್ನಲ್ಲೇ ಹಿಡಿದು ಬಿಡದೆ ಕೂತಿತ್ತು. ಆ ಸಾಲನ್ನು ಮೊದಲು ಗುರುತಿಸಿದವಳು ಅದೇ ಹುಡುಗಿ. ಅವಳ ಕೋಡ್ ಪರಿಶೀಲಿಸಲು ಈಗಲೂ ನಾನೇ ಕೂರುತ್ತೇನೆ. ಆದರೆ ತಿದ್ದುಪಡಿ ಹೇಳುವ ಮೊದಲು, 'ಇದನ್ನು ಹೀಗೇಕೆ ಬರೆದೆ?' ಎಂದು ಕೇಳುತ್ತೇನೆ.