ಗೋವಾ, ಚೆನ್ನೈ, ಮುಂಬೈ: ಏಡ್ಸ್ ಭಯದ ದಿನಗಳ ಮೂರು ಚಿತ್ರಗಳು



ಕ್ಷೌರದಂಗಡಿಯಲ್ಲಿ ಕೂತ ಕೂಡಲೇ "ಹೊಸ ಬ್ಲೇಡ್ ಹಾಕಪ್ಪಾ" ಎಂದು ಹೇಳುವ ಅಭ್ಯಾಸ ನಮಗೆ ಯಾವಾಗ ಬಂತು, ನೆನಪಿದೆಯೇ? ನಿಮಗೆ ನಲವತ್ತು ದಾಟಿದ್ದರೆ ನೆನಪಿರಲೇಬೇಕು. ಏಡ್ಸ್ ಎಂಬ ಹೆಸರು ಕೇಳಿದರೆ ಮನೆಯಲ್ಲಿ ರೇಡಿಯೋ ಸದ್ದು ತಗ್ಗಿಸುತ್ತಿದ್ದ ಕಾಲ ಅದು. ಆ ದಿನಗಳನ್ನು ತಿಳಿಯಲು ನೆರವಾಗುವ ಮೂರು ಚಿತ್ರಗಳಿವೆ. ಮೂರೂ ನಮ್ಮ ಸುತ್ತಮುತ್ತಲಿನ ಊರುಗಳದ್ದೇ.

ಮೊದಲನೆಯದು ಓನಿರ್ ನಿರ್ದೇಶನದ ಹಿಂದಿ ಚಿತ್ರ 'ಮೈ ಬ್ರದರ್ ನಿಖಿಲ್' (2005). ಗೋವಾದ ಈಜುಪಟು ನಿಖಿಲ್‌ಗೆ ಎಚ್‌ಐವಿ ಇದೆಯೆಂದು ಗೊತ್ತಾಗುತ್ತದೆ. ಹೆತ್ತವರೇ ದೂರ ಸರಿಯುತ್ತಾರೆ. ಅಕ್ಕ ಮತ್ತು ಸಂಗಾತಿ ಮಾತ್ರ ಕೈಬಿಡುವುದಿಲ್ಲ. ಪಾತ್ರಗಳು ನಮ್ಮೆದುರೇ ಕೂತು ನೆನಪು ಹೇಳಿಕೊಳ್ಳುವ ಹಾಗೆ ಕಥೆ ಸಾಗುತ್ತದೆ. ಸಂಜಯ್ ಸೂರಿ, ಜೂಹಿ ಚಾವ್ಲಾ, ಪೂರಬ್ ಕೊಹ್ಲಿ ಮುಖ್ಯ ಪಾತ್ರಗಳಲ್ಲಿದ್ದಾರೆ.

ಕಥೆಯ ಹಿಂದೆ ಒಂದು ನಿಜವಾದ ಬದುಕಿದೆ. ಗೋವಾದ ಡೊಮಿನಿಕ್ ಡಿಸೋಜಾ ತಪ್ಪದೆ ರಕ್ತದಾನ ಮಾಡುತ್ತಿದ್ದ ಯುವಕ. 1989ರಲ್ಲಿ ಅವರನ್ನು ಪೊಲೀಸರು ಹಿಡಿದೊಯ್ದು, ಟಿ.ಬಿ. ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿದರು. ಅವರು ಮಾಡಿದ್ದ ತಪ್ಪೇನೂ ಇರಲಿಲ್ಲ. ರಕ್ತದಲ್ಲಿ ವೈರಸ್ ಸಿಕ್ಕಿತ್ತು, ಅಷ್ಟೇ. ಗೋವಾದ ಆಗಿನ ಕಾನೂನಿನಲ್ಲೇ ಅದಕ್ಕೆ ಅವಕಾಶವಿತ್ತು. ತಾಯಿ ಲೂಸಿ ಬಾಂಬೆ ಹೈಕೋರ್ಟಿನ ಮೊರೆ ಹೋದರು. ಮಗ ಹೊರಬಂದರೂ, ಸರ್ಕಾರದ ಆ ಅಧಿಕಾರವನ್ನು ಕೋರ್ಟು ತಳ್ಳಿಹಾಕಲಿಲ್ಲ. 1992ರಲ್ಲಿ ಡೊಮಿನಿಕ್ 'ಪಾಸಿಟಿವ್ ಪೀಪಲ್' ಸಂಸ್ಥೆ ಕಟ್ಟಿ, ಅದೇ ವರ್ಷ ತೀರಿಕೊಂಡರು.

ಎರಡನೆಯದು ಚೆನ್ನೈನ ಕಥೆ, 'ಲವ್‌ಸಿಕ್' (2017) ಎಂಬ ಸಾಕ್ಷ್ಯಚಿತ್ರ. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನಿತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ 1986ರಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಹಚ್ಚಿದರು. ನಿರ್ಮಲಾ ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ರಕ್ತದ ಮಾದರಿ ಸಂಗ್ರಹಿಸಿ, ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. "ಇದು ಹೊರದೇಶದವರ ಕಾಯಿಲೆ, ನಮಗೆಲ್ಲಿ ಬರುತ್ತದೆ" ಎಂಬ ಮಾತು ಅಲ್ಲಿಗೆ ಮುಗಿಯಿತು. ಚಿತ್ರದಲ್ಲಿ ನೀವು ನೋಡುವುದು ಸುನಿತಿಯವರ ಇನ್ನೊಂದು ಕೆಲಸ: ಎಚ್‌ಐವಿ ಇರುವವರಿಗೆ ಎಚ್‌ಐವಿ ಇರುವವರಲ್ಲೇ ಗಂಡು-ಹೆಣ್ಣು ಹುಡುಕಿ ಮದುವೆ ಮಾಡಿಸುವುದು! 2015ರಲ್ಲಿ ಅವರು ನಿಧನರಾದರು.

ಮೂರನೆಯದು 'ಫೈರ್ ಇನ್ ದಿ ಬ್ಲಡ್' (2013), ಡಿಲನ್ ಮೋಹನ್ ಗ್ರೇ ಅವರ ಸಾಕ್ಷ್ಯಚಿತ್ರ. 1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಟ್ಟರೆ ರೋಗಿ ಉಳಿಯುತ್ತಾನೆಂದು ಗೊತ್ತಾಗಿತ್ತು. ಆದರೆ ವರ್ಷಕ್ಕೆ 10,000 ಡಾಲರಿಗೂ ಮೀರಿದ ಖರ್ಚು. ಆಫ್ರಿಕಾದ ಬಡವರು ಎಲ್ಲಿಂದ ತರಬೇಕು? 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡುವುದಾಗಿ ಹೇಳಿದರು. ಆಗಿನ ನಮ್ಮ ಪೇಟೆಂಟ್ ಕಾನೂನು ಔಷಧಿಗಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. ಬೇರೆ ವಿಧಾನದಿಂದ ತಯಾರಿಸಿದರೆ ಅಡ್ಡಿಯಿರಲಿಲ್ಲ. ಆ ಅನುಕೂಲ 2005ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೂ ಇತ್ತು.

ಇಂದು ಕಾಲ ಬದಲಾಗಿದೆ. 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಡೊಮಿನಿಕ್‌ಗೆ ಆದಂತೆ ಕೂಡಿಹಾಕುವುದು, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದು, ಕೆಲಸದಿಂದ ಅನ್ಯಾಯವಾಗಿ ತೆಗೆಯುವುದು 2018ರಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯಡಿ ನಿಷಿದ್ಧ.

ಆದರೂ ಮನೆ ಬಾಡಿಗೆಗೆ ಕೊಡುವಾಗ, ಸಂಬಂಧ ನೋಡುವಾಗ ಹಳೆಯ ಪಿಸುಮಾತು ಇನ್ನೂ ಕೇಳುತ್ತದೆ. ಹಾಗಾಗಿ ಈ ಚಿತ್ರಗಳು ಸಿಕ್ಕರೆ ಮನೆಯ ಹರೆಯದ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ಕೇಳುವ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಕೊಡಿ. ನಿಮಗೇ ಅನುಮಾನವಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆ ಉಚಿತ.