ಕರಗದ ಮಾತ್ರೆಯೂ ಶಾಲೆಯ ಹಾಜರಿ ಪುಸ್ತಕವೂ

ಫೆಬ್ರುವರಿ 10ರ ಆಸುಪಾಸಿನಲ್ಲಿ ಸರ್ಕಾರಿ ಶಾಲೆಗಳ ಮೇಷ್ಟ್ರುಗಳಿಗೆ ಪಾಠದ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ 400 ಮಿಲಿಗ್ರಾಂನ ಅಲ್ಬೆಂಡಜೋಲ್ ಮಾತ್ರೆ ಕೊಟ್ಟು, ಅದನ್ನು ಅಗಿದು ನುಂಗಿದ್ದನ್ನು ಕಣ್ಣಾರೆ ನೋಡಿ, ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಗುರುತು ಹಾಕಬೇಕು. ಅಂದು ಗೈರಾದವರಿಗೆ ವಾರದ ನಂತರ ಮತ್ತೊಂದು ಸುತ್ತು. ಅವರ ಹೆಸರಿನ ಮುಂದೆ ಎರಡು ಗುರುತು. ಹುಷಾರಿಲ್ಲದ ಮಗುವಿಗೆ ಕೊಡುವಂತಿಲ್ಲ, ಮಾತ್ರೆಯನ್ನು ಮನೆಗೆ ಕಳಿಸುವಂತೆಯೂ ಇಲ್ಲ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕ್ರಮ ಇದು. 1ರಿಂದ 19 ವರ್ಷದೊಳಗಿನವರೆಲ್ಲ ಇದರ ವ್ಯಾಪ್ತಿಗೆ ಬರುತ್ತಾರೆ.

ಈ ಮಾತ್ರೆಗೆ ಒಂದು ವಿಚಿತ್ರ ಗುಣವಿದೆ. ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಜಠರದ ಆಮ್ಲದಲ್ಲಿ ಒಂದಿಷ್ಟು ಕರಗಿದರೂ ಮುಂದೆ ಕರುಳಿಗೆ ಇಳಿದಾಗ ಆಮ್ಲೀಯತೆ ತಗ್ಗಿ ಮತ್ತೆ ಕಣವಾಗಿ ಕೂರಬಹುದು. ಹೀಗಾಗಿ ನುಂಗಿದ ಔಷಧದಲ್ಲಿ ರಕ್ತ ಸೇರುವುದು ತೀರಾ ಸಣ್ಣ ಪಾಲು. ಔಷಧ ತಯಾರಕರಿಗೆ ಇದು ತಲೆನೋವು. ಶಾಲೆಗೆ ಮಾತ್ರ ಇದೇ ವರ. ಜಂತುಹುಳು, ಕೊಕ್ಕೆಹುಳುಗಳು ಇರುವುದೇ ಕರುಳಿನಲ್ಲಿ. ಔಷಧವೂ ಅಲ್ಲೇ ಉಳಿದು ಹುಳು ಸಕ್ಕರೆ ಹೀರದಂತೆ ತಡೆಯುತ್ತದೆ. ಹುಳು ಹಸಿದು ಸಾಯುತ್ತದೆ. ಮಗುವಿನ ಮೈಗೆ ಹೆಚ್ಚು ಸೇರದಿರುವುದೂ ಡಾಕ್ಟರಿಲ್ಲದ ಕೊಠಡಿಯಲ್ಲಿ, ತೂಕ ನೋಡದೆ, ಮೇಷ್ಟ್ರೇ ಇದನ್ನು ಕೊಡಬಹುದಾಗಿರುವುದಕ್ಕೆ ಒಂದು ಕಾರಣ.

ಅದೇ ಔಷಧ ಮಿದುಳಿಗೆ ತಲುಪಬೇಕಾದಾಗ ಕತೆ ತಿರುಗುತ್ತದೆ. ಹಂದಿಯ ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಗಂಟಾಗಿ ಕೂತು ಮೂರ್ಛೆ ಬರಿಸುವ ಕಾಯಿಲೆ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದಕ್ಕೂ ಅಲ್ಬೆಂಡಜೋಲೇ ಮದ್ದು, ಆದರೆ ವೈದ್ಯರ ಕಣ್ಗಾವಲಿನಲ್ಲಿ, ಹಲವು ದಿನ. ಆಗ ಅದು ಕರಗಲೇಬೇಕು, ರಕ್ತಕ್ಕೆ ಸೇರಲೇಬೇಕು. ಅದಕ್ಕೇ ಜಿಡ್ಡಿನ ಊಟದ ಜೊತೆ ತೆಗೆದುಕೊಳ್ಳಿ ಎನ್ನುತ್ತಾರೆ. ಸುಮಾರು 40 ಗ್ರಾಂ ಕೊಬ್ಬಿರುವ ಊಟದೊಂದಿಗೆ ಕೊಟ್ಟರೆ ರಕ್ತದಲ್ಲಿ ಸಿಗುವ ಔಷಧದ ಮಟ್ಟ, ಬರಿಹೊಟ್ಟೆಗೆ ಹೋಲಿಸಿದರೆ, ಐದು ಪಟ್ಟಿನವರೆಗೂ ಏರುತ್ತದೆ. ಕೊಬ್ಬು ಬಂದೊಡನೆ ಸುರಿಯುವ ಪಿತ್ತರಸ, ಕರಗಲೊಲ್ಲದ ಕಣಗಳನ್ನು ಸುತ್ತುವರಿದು ಒಳಗೆ ಸಾಗಿಸುತ್ತದೆ. ಪ್ರಯೋಗಾಲಯದ ದುಬಾರಿ ತಂತ್ರಗಳಿಗಿಂತ ಮೊದಲು ನೆರವಿಗೆ ಬಂದದ್ದು ತುಪ್ಪ, ಹಾಲು.

ತಂತ್ರಗಳೂ ಕಡಿಮೆಯೇನಿಲ್ಲ. ಅಮೆರಿಕದ ನಾಯ್ಸ್ ಮತ್ತು ವಿಟ್ನಿ 1897ರಲ್ಲಿ ಬೆಂಜೋಯಿಕ್ ಆಮ್ಲ, ಸೀಸದ ಕ್ಲೋರೈಡುಗಳ ಕಡ್ಡಿಗಳನ್ನು ನೀರಿನಲ್ಲಿ ತಿರುಗಿಸಿ ಕರಗುವ ವೇಗಕ್ಕೊಂದು ಸೂತ್ರ ಕೊಟ್ಟರು. ನೀರಿಗೆ ತಾಗುವ ಮೈ ಹೆಚ್ಚಿದಷ್ಟೂ ಕರಗುವ ವೇಗ ಹೆಚ್ಚು ಎಂಬುದು ಅದರಿಂದ ಹೊರಡುವ ತಾತ್ಪರ್ಯ. ಅಚ್ಚುಬೆಲ್ಲಕ್ಕಿಂತ ಪುಡಿಬೆಲ್ಲ ಬೇಗ ಕರಗಿದ ಹಾಗೆ. ಮಕ್ಕಳ ತಲೆಯಲ್ಲಿ ಏಳುವ ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫುಲ್ವಿನ್‌ಗೆ ಈ ಸೂತ್ರ ಚೆನ್ನಾಗಿ ಒದಗಿತು: ಕಣಗಳನ್ನು ನುಣ್ಣಗೆ ಅರೆದದ್ದರಿಂದಲೇ ಡೋಸನ್ನು ಅರ್ಧಕ್ಕೆ ಇಳಿಸಲಾಯಿತು. 1961ರಲ್ಲಿ ಜಪಾನಿನ ಸೆಕಿಗುಚಿ ಮತ್ತು ಓಬಿ, ಸರಿಯಾಗಿ ಕರಗದ ಸಲ್ಫಾಥಯಜೋಲನ್ನು ಯೂರಿಯಾ ಜೊತೆ ಕರಗಿಸಿ ಗಟ್ಟಿಯಾಗಿಸಿದರು. ನೀರು ಯೂರಿಯಾವನ್ನು ಕರಗಿಸಿಕೊಂಡರೆ ಔಷಧ ಅತಿ ಸಣ್ಣ ಕಣಗಳಾಗಿ ಬಿಡುಗಡೆಯಾಗುತ್ತದೆ. ಇಂದಿನ ಎಷ್ಟೋ ಮಾತ್ರೆಗಳ ಹಿಂದೆ ಈ ಉಪಾಯದ ಸುಧಾರಿತ ರೂಪಗಳಿವೆ.

ಶಾಲೆಯಲ್ಲಿ ಅರೆಯುವ ಯಂತ್ರ ಮಕ್ಕಳ ಹಲ್ಲೇ. ಅಗಿದರೆ ಮಾತ್ರೆ ಪುಡಿಯಾಗಿ ಕರುಳಲ್ಲಿ ಹರಡುತ್ತದೆ, ಗಂಟಲಿಗೆ ಸಿಕ್ಕುವ ಭಯವೂ ತಗ್ಗುತ್ತದೆ. (ವಿಜ್ಞಾನದ ಮೇಷ್ಟ್ರು ಕರಗುವಿಕೆಯ ಪಾಠವನ್ನು ಅದೇ ದಿನ ಯಾಕೆ ಮಾಡಬಾರದು?)

ಹಾಜರಿ ಪುಸ್ತಕದ ಗುರುತುಗಳು ಶಾಲೆಯಿಂದ ಮೇಲಿನ ಕಚೇರಿಗಳಿಗೆ ಅಂಕಿಗಳಾಗಿ ಏರುತ್ತವೆ. ಅವು ಹೇಳುವುದು ಎಷ್ಟು ಮಕ್ಕಳು ಮಾತ್ರೆ ತಿಂದರು ಎಂದು. ಎಷ್ಟು ಹುಳು ಹೋಯಿತು ಎಂದಲ್ಲ. ಕೀನ್ಯಾದ ಬುಸಿಯಾದಲ್ಲಿ 1998ರಿಂದ 75 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಜಂತುಹುಳು ನಿವಾರಣೆಯ ಪ್ರಯೋಗದಲ್ಲಿ ಎಡ್ವರ್ಡ್ ಮಿಗುಯೆಲ್ ಮತ್ತು ಮೈಕೆಲ್ ಕ್ರೇಮರ್ ಶಾಲೆಯ ಹಾಜರಿ ಪುಸ್ತಕವನ್ನು ನಂಬಿ ಕೂರಲಿಲ್ಲ. ಮುನ್ಸೂಚನೆಯಿಲ್ಲದೆ ಜನರನ್ನು ಕಳಿಸಿ ತಲೆ ಎಣಿಸಿದರು. ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲು ಭಾಗ ಇಳಿದಿತ್ತು. ಮುಂದೆ ಆ ಲೆಕ್ಕದ ಮೇಲೂ ದೊಡ್ಡ ಜಗಳವಾಯಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದವರಿಗೆ ಅಷ್ಟು ಲಾಭ ಕಾಣಲಿಲ್ಲ. ಆದರೂ ಹೇಳದೆ ಹೋಗಿ ಎಣಿಸುವ ಪದ್ಧತಿ ನನಗೆ ಇಷ್ಟ. ಮುನ್ಸೂಚನೆ ಕೊಟ್ಟು ಬರುವ ತಪಾಸಣೆಯ ದಿನ ಶಾಲೆ ಎಷ್ಟು ಚೊಕ್ಕಟವಾಗಿರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ?

ಹುಳುವಿನ ವಿಷಯದಲ್ಲಿ ಆ ಕೆಲಸ ಮಾಡುವುದು ಮಲ ಪರೀಕ್ಷೆ. ಆಯ್ದ ಶಾಲೆಗಳ ಮಕ್ಕಳ ಮಾದರಿಯಲ್ಲಿ ಸೂಕ್ಷ್ಮದರ್ಶಕದಡಿ ಮೊಟ್ಟೆ ಎಣಿಸುತ್ತಾರೆ. ದುಂಡು ಜಂತುಹುಳು ಒಂದೇ ಮಾತ್ರೆಗೆ ಸುಲಭವಾಗಿ ಸೋಲುತ್ತದೆ. ಚಾಟಿಹುಳು ಹಾಗಲ್ಲ. ಅದು ತನ್ನ ತೆಳುವಾದ ಮುಂಭಾಗವನ್ನು ದೊಡ್ಡ ಕರುಳಿನ ಗೋಡೆಯೊಳಗೆ ಹೊಗಿಸಿಕೊಂಡಿರುತ್ತದೆ. ಮಾತ್ರೆ ತಿಂದ ಮಕ್ಕಳಲ್ಲಿ ಬಹಳ ಮಂದಿಯ ಹೊಟ್ಟೆಯಲ್ಲಿ ಅದು ಉಳಿದೇ ಇರುತ್ತದೆ, ಆ ಮಕ್ಕಳ ಹೆಸರಿನ ಮುಂದೆ ಮೇಷ್ಟ್ರು ಪ್ರಾಮಾಣಿಕವಾಗಿಯೇ ಗುರುತು ಹಾಕಿದ್ದರೂ.